ಸೊಪ್ಪಿನ ಮಡಿಗೆ ಮೊದಲು ಸುಣ್ಣ, ಕೊನೆಗೆ ಯೂರಿಯಾ

ಸೊಪ್ಪು ಬೆಳೆಯುವವರು ಗೊಬ್ಬರದ ಲೆಕ್ಕವನ್ನು ಕಣ್ಣಳತೆಯಲ್ಲೇ ಮಾಡಿಕೊಂಡು ಬಂದಿದ್ದಾರೆ. ದಂಟಿನ ಎಲೆ ಬಿಳಿಚಿಕೊಂಡರೆ ಒಂದು ಹಿಡಿ ಯೂರಿಯಾ, ಪಾಲಕ್ ಏಳದೆ ಕೂತರೆ ಇನ್ನೊಂದು ಹಿಡಿ. ನಾಲ್ಕೈದು ದಿನದಲ್ಲಿ ಮಡಿ ಕಡುಹಸಿರಾಗುತ್ತದೆ, ಸಂತೆಯಲ್ಲೂ ಆ ಬಣ್ಣಕ್ಕೇ ಗಿರಾಕಿ. ಆದರೆ ಕಣ್ಣಿಗೆ ಬೇಗ ಕಾಣುವುದು ಸಾರಜನಕದ ಕೆಲಸವೊಂದೇ. ಮಣ್ಣಿನ ಹುಳಿ ಏರಿದ್ದು, ಪೊಟ್ಯಾಷ್ ತೀರುತ್ತಾ ಬಂದಿದ್ದು, ರಂಜಕ ಮಣ್ಣಿನಲ್ಲೇ ಬಂಧಿಯಾಗಿ ಕೂತದ್ದು ಎಲೆಯ ಮೇಲೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಕಾಣುವ ಒಂದಕ್ಕೆ ಮಾತ್ರ ಮದ್ದು ಮಾಡುತ್ತಾ ಹೋದರೆ ಕಾಣದ ಮೂರು ಹದಗೆಡುತ್ತವೆ. ಸಕಲೇಶಪುರ ಮತ್ತು ಆಲೂರು ಸೀಮೆಯ ಗುಡ್ಡಗಾಡಿಗೆ ಈ ಮಾತು ಬಯಲುಸೀಮೆಗಿಂತ ಹೆಚ್ಚು ಒಪ್ಪುತ್ತದೆ. ಇಲ್ಲಿ ಸೊಪ್ಪಿಗೆ ಸಮತೋಲನ ಗೊಬ್ಬರ ಎಂದರೆ ಮೂರು ಅಂಕಿಗಳ ಒಂದು ಚೀಲವನ್ನು ಆರಿಸಿಕೊಳ್ಳುವುದಲ್ಲ. ಮಣ್ಣಿನ ರಸಸಾರವನ್ನು (ಪಿಎಚ್) ಮೊದಲು ನೋಡಿ, ಪೊಟ್ಯಾಷ್ ಮತ್ತು ರಂಜಕವನ್ನು ಆಮೇಲೆ ಲೆಕ್ಕ ಹಾಕಿ, ಸಾರಜನಕವನ್ನು ಕಟ್ಟಕಡೆಗೆ ನಿರ್ಧರಿಸುವುದು. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಈ ಕ್ರಮ ಏಕೆ ಬದಲಾಗಬೇಕು, ಬದಲಾಯಿಸುವುದರ ವಿರುದ್ಧ ಏಳುವ ಆಕ್ಷೇಪಗಳಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಾಸನ–ಮಂಗಳೂರು ಹೆದ್ದಾರಿ ಶಿರಾಡಿ ಘಟ್ಟಕ್ಕೆ ಇಳಿಯಲು ತೊಡಗುವ ಅಂಚಿನಲ್ಲಿ ಹೆಗ್ಗದ್ದೆ ಎಂಬ ಊರಿದೆ; ಈ ಗುಡ್ಡಗಾಡಿಗೆ ಅದನ್ನೇ ಉದಾಹರಣೆಯಾಗಿ ನೋಡೋಣ. ಊರಿನ ಹೆಸರಿನಲ್ಲೇ ಗದ್ದೆಯಿದೆ, ಅದೂ ಹಿರಿದಾದ ಗದ್ದೆ. ಸುತ್ತ ಕಾಫಿ, ಏಲಕ್ಕಿ, ಮೆಣಸು, ಬೈಲಿನಲ್ಲಿ ಭತ್ತ, ಮನೆಯ ಹಿಂದೆ ಹಿತ್ತಲು. ಹತ್ತಿರದ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ತೋಟದ ಬೆಳೆಗೆ ಈ ಸೀಮೆಯಲ್ಲಿ ವಿಜ್ಞಾನದ ನೆರವು ಹೊಸದೇನಲ್ಲ. ಸೊಪ್ಪಿನ ಸ್ಥಿತಿ ಬೇರೆ. ದಂಟು, ಹರಿವೆ, ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಬಸಳೆ ಇವೆಲ್ಲ ಒಂದೆರಡು ಗುಂಟೆಯ ಬೆಳೆ, ಬಹುಪಾಲು ಹೆಂಗಸರ ಕೈಯ ಬೆಳೆ, ಭತ್ತ ಕೊಯ್ದ ಗದ್ದೆಯಲ್ಲೋ ಹಿತ್ತಲಲ್ಲೋ ಏಳುವ ಬೆಳೆ. ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಗಿಲಾದ ಮಳೆ; ಪೂರ್ವಕ್ಕೆ ಆಲೂರಿನ ಕಡೆ ಸರಿದಂತೆ ಅದು ಕಡಿಮೆಯಾಗುತ್ತದೆ. ಈ ನೀರಿನ ಒಂದು ಪಾಲು ಹೇಮಾವತಿಗೂ ಇನ್ನೊಂದು ಪಾಲು ಘಟ್ಟದ ಕೆಳಗೆ ನೇತ್ರಾವತಿಯ ಕಡೆಗೂ ಹರಿಯುತ್ತದೆ. ಎರಡು ದಿಕ್ಕಿಗೂ ಅದು ಬರಿಗೈಯಲ್ಲಿ ಹೋಗುವುದಿಲ್ಲ. ಮಣ್ಣಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್, ನೈಟ್ರೇಟ್, ಬೋರಾನ್‌ಗಳನ್ನು ಜೊತೆಗೆ ಒಯ್ಯುತ್ತದೆ.

ಹೀಗೆ ಸಾವಿರಾರು ವರ್ಷ ತೊಳೆದು ಉಳಿದದ್ದೇ ಇಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣು. ಸುಣ್ಣದಂಶ ಹೋದ ಜಾಗದಲ್ಲಿ ಹುಳಿ ನೆಲೆಸಿದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಕದಲದೆ ಉಳಿದಿವೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಈ ಅಲ್ಯೂಮಿನಿಯಂ ಕರಗಿ ಎಳೆ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಬೇರು ಮೊಂಡಾದ ಗಿಡದ ಮುಂದೆ ಎಷ್ಟು ಗೊಬ್ಬರ ಸುರಿದರೂ ಅದಕ್ಕೆ ಎಟುಕುವುದು ಅಷ್ಟಕ್ಕಷ್ಟೆ. ರಂಜಕದ ಕಥೆ ಇನ್ನೂ ಕಷ್ಟದ್ದು. ಹುಳಿ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ. ಈ ಮಣ್ಣಿನ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದು. ಪೊಟ್ಯಾಷ್‌ನಂಥ ಪೋಷಕಾಂಶವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಸೊಪ್ಪಿನ ಬೆಳೆಗಳಲ್ಲಿ ಹರಿವೆ ಅಷ್ಟಿಷ್ಟು ಹುಳಿಯನ್ನು ತಡೆದುಕೊಳ್ಳುತ್ತದೆ. ಪಾಲಕ್ ತಡೆಯುವುದಿಲ್ಲ, ಅದು ಬೀಟ್‌ರೂಟಿನ ವಂಶದ್ದು. ಮಲೆನಾಡಿನ ಹಿತ್ತಲಲ್ಲಿ ಪಾಲಕ್ ಗಿಡ್ಡಾಗಿ, ಅಂಚು ಹಳದಿಯಾಗಿ ನಿಲ್ಲುವುದಕ್ಕೆ ಸಾರಜನಕದ ಕೊರತೆಗಿಂತ ಹುಳಿಯೇ ಕಾರಣವಾಗಿರುವ ಸಂಭವ ಹೆಚ್ಚು. ಅಂಥ ಕಡೆ ಯೂರಿಯಾ ಎರಚಿದರೆ ರೋಗವನ್ನೇ ಉಣಿಸಿದ ಹಾಗೆ. ಮಣ್ಣಿನಲ್ಲಿ ಯೂರಿಯಾ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. 100 ಕಿಲೊ ಯೂರಿಯಾ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 80 ಕಿಲೊ ಸುಣ್ಣದ ಪುಡಿ ಬೇಕು, ಅಮೋನಿಯಂ ಸಲ್ಫೇಟಿಗಾದರೆ ಸುಮಾರು 110 ಕಿಲೊ ಎಂದು ಮಣ್ಣು ವಿಜ್ಞಾನದ ಪಠ್ಯಗಳು ಲೆಕ್ಕ ಕೊಡುತ್ತವೆ.

ಇನ್ನು ಸೊಪ್ಪು ಮಣ್ಣಿನಿಂದ ಏನೇನು ಎತ್ತುತ್ತದೆ ಎಂಬುದನ್ನು ನೋಡೋಣ. ಒಂದು ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ ನೂರು ಗುಂಟೆ. ಆದ್ದರಿಂದ ಹೆಕ್ಟೇರಿಗೆ ಹೇಳಿದ ಕಿಲೊವನ್ನು ನೂರರಿಂದ ಭಾಗಿಸಿದರೆ ಗುಂಟೆಯ ಲೆಕ್ಕ ಸಿಗುತ್ತದೆ; ಹಿತ್ತಲಿನ ಬೆಳೆಗಾರರಿಗೆ ಇದಕ್ಕಿಂತ ಸುಲಭದ ಸೂತ್ರ ಇಲ್ಲ. ಹಲವು ಕೊಯ್ಲಿನ ದಂಟು ಗುಂಟೆಗೆ 200 ಕಿಲೊ ಸೊಪ್ಪು ಕೊಟ್ಟಿತು ಎಂದುಕೊಳ್ಳೋಣ. ಅದರಲ್ಲಿ ನೀರು ಬಿಟ್ಟರೆ ಉಳಿಯುವ ಒಣ ಪದಾರ್ಥ ಸುಮಾರು 20 ಕಿಲೊ. ಅದರಲ್ಲಿ ನೂರಕ್ಕೆ ಮೂರೂವರೆ ಪಾಲು ಸಾರಜನಕ, ನಾಲ್ಕು ಪಾಲು ಪೊಟ್ಯಾಸಿಯಂ, ಅರ್ಧಕ್ಕೂ ಕಡಿಮೆ ಪಾಲು ರಂಜಕ ಎಂದು ಹಿಡಿದರೆ, ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕದಲ್ಲಿ ಮಡಿಯಿಂದ ಹೊರಗೆ ಹೋದದ್ದು ಸಾರಜನಕ 700 ಗ್ರಾಂ, ರಂಜಕ 180 ಗ್ರಾಂ, ಪೊಟ್ಯಾಷ್ ಒಂದು ಕಿಲೊಗೆ ತುಸು ಕಡಿಮೆ. ಅಂದರೆ ಸರಿಸುಮಾರು 4:1:5. ನಮ್ಮ ದೇಶದಲ್ಲಿ ಗೊಬ್ಬರದ ಆದರ್ಶ ಪ್ರಮಾಣವೆಂದು ದಶಕಗಳಿಂದ ಹೇಳುತ್ತಾ ಬಂದಿರುವುದು 4:2:1. ಅದು ಧಾನ್ಯದ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಅನುಪಾತ. ಧಾನ್ಯದ ಬೆಳೆಯಲ್ಲಿ ಪೊಟ್ಯಾಷಿನ ಬಹುಪಾಲು ಹುಲ್ಲಿನಲ್ಲಿ ಉಳಿದು ಕೊಟ್ಟಿಗೆಯ ಮೂಲಕ ಗದ್ದೆಗೆ ಮರಳುತ್ತದೆ. ಸೊಪ್ಪಿನಲ್ಲಿ ಹುಲ್ಲು ಅನ್ನುವುದೇ ಇಲ್ಲ. ಬೆಳೆದದ್ದೆಲ್ಲ ಕಟ್ಟು ಕಟ್ಟಿ ಸಂತೆಗೆ ಹೋಗುತ್ತದೆ. ಇದೇ ಗುಂಟೆಗೆ ಎರಡು ಕಿಲೊ ಡಿಎಪಿ ಹಾಕಿದರೆ ಸಿಗುವುದು 360 ಗ್ರಾಂ ಸಾರಜನಕ, 920 ಗ್ರಾಂ ರಂಜಕ. ಬೆಳೆ ಎತ್ತುವುದರ ಐದು ಪಟ್ಟು ರಂಜಕ ಬಿತ್ತು, ಪೊಟ್ಯಾಷ್ ಒಂದು ಗ್ರಾಮೂ ಬೀಳಲಿಲ್ಲ. ಬೆಳೆ ಎತ್ತುವಷ್ಟನ್ನೇ ಹಾಕಬೇಕು ಎಂದು ಇದರ ಅರ್ಥವಲ್ಲ, ಮಣ್ಣು ತನ್ನ ಪಾಲು ಕೊಡುತ್ತದೆ, ಒಂದಷ್ಟನ್ನು ನುಂಗುತ್ತದೆ. ಮಣ್ಣು ಎಷ್ಟು ಕೊಡುತ್ತದೆ ಎಂದು ತಿಳಿಯಲಿಕ್ಕೇ ಪರೀಕ್ಷೆ ಬೇಕಾಗಿರುವುದು.

ಸಾರಜನಕವನ್ನು ಕೊನೆಗೆ ಇಡಬೇಕೆನ್ನುವುದಕ್ಕೆ ಮಣ್ಣಿನಾಚೆಗೂ ಒಂದು ಕಾರಣವಿದೆ. ಅದು ಉಣ್ಣುವವರಿಗೆ ಸಂಬಂಧಿಸಿದ್ದು. ಗಿಡ ಹೀರಿದ ನೈಟ್ರೇಟ್ ಎಲೆಯೊಳಗೆ ಪ್ರೋಟೀನ್ ಆಗಬೇಕಾದರೆ ಬಿಸಿಲು ಬೇಕು, ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ಬೇಕು. ಬಿಸಿಲು ಸಾಲದಿದ್ದರೆ ನೈಟ್ರೇಟ್ ಹಾಗೆಯೇ ಎಲೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಎಲೆಯ ತೊಟ್ಟು ಮತ್ತು ದಂಟಿನಲ್ಲಿ ಕೂಡಿಕೊಳ್ಳುತ್ತದೆ. ಆಷಾಢ, ಶ್ರಾವಣಗಳಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಘಟ್ಟದ ಅಂಚಿನಲ್ಲಿ ಈ ಅಪಾಯ ಬಯಲಿಗಿಂತ ಹೆಚ್ಚು. ಆ ಕಿಣ್ವದ ನಡುವೆ ಮಾಲಿಬ್ಡಿನಂ ಎಂಬ ಲೋಹದ ಪರಮಾಣುವಿದೆ. ಮಾಲಿಬ್ಡಿನಂ ಹುಳಿ ಮಣ್ಣಿನಲ್ಲಿ ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ರಸಸಾರ ಏರಿದರೆ ಸಿಗತೊಡಗುತ್ತದೆ. ಹೀಗಾಗಿ ಹುಳಿಯನ್ನು ಹಾಗೇ ಬಿಟ್ಟು ಯೂರಿಯಾ ಹೆಚ್ಚಿಸಿದರೆ ಗಿಡಕ್ಕೆ ನೈಟ್ರೇಟ್ ಬರುತ್ತದೆ, ಅದನ್ನು ಅರಗಿಸಿಕೊಳ್ಳುವ ಸಾಧನ ಬರುವುದಿಲ್ಲ. ಯುರೋಪಿನ ಒಕ್ಕೂಟ ಪಾಲಕ್‌ನ ಸೋದರಿಯಾದ ಸ್ಪಿನಾಚ್ ಸೊಪ್ಪಿನಲ್ಲಿ ಕಿಲೊಗೆ 3,500 ಮಿಲಿಗ್ರಾಂ ನೈಟ್ರೇಟ್ ಮಿತಿ ಎಂದು ಕಾನೂನು ಮಾಡಿದೆ. ಹಸುಗೂಸಿನ ಆಹಾರಕ್ಕೆ 200 ಮಿಲಿಗ್ರಾಂ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ ದಿನಕ್ಕೆ ದೇಹತೂಕದ ಕಿಲೊ ಒಂದಕ್ಕೆ 3.7 ಮಿಲಿಗ್ರಾಂ ನೈಟ್ರೇಟ್‌ವರೆಗೆ ಸರಿ ಎನ್ನುತ್ತದೆ. 60 ಕಿಲೊ ತೂಕದವರಿಗೆ ಅದು 222 ಮಿಲಿಗ್ರಾಂ. ಕಿಲೊಗೆ 2,500 ಮಿಲಿಗ್ರಾಂ ಇರುವ ಸೊಪ್ಪನ್ನು 100 ಗ್ರಾಂ ಉಂಡರೆ ಆ ಗಡಿ ದಾಟುತ್ತದೆ. ಇದಕ್ಕೆ ಪ್ರತಿಯಾಗಿ ಒಂದು ನ್ಯಾಯವಾದ ಮಾತಿದೆ: ಆರೋಗ್ಯವಂತ ವಯಸ್ಕರಿಗೆ ಸೊಪ್ಪಿನ ನೈಟ್ರೇಟ್ ರಕ್ತದೊತ್ತಡ ಇಳಿಸಲು ನೆರವಾಗುತ್ತದೆ ಎಂದು ತೋರಿಸಿದ ಅಧ್ಯಯನಗಳೂ ಇವೆ, ಸೊಪ್ಪಿನಲ್ಲಿರುವ ಸಿ ಜೀವಸತ್ವ ಅದರ ಕೆಡುಕನ್ನು ತಗ್ಗಿಸುತ್ತದೆ. ಹಾಗಾಗಿ ಸೊಪ್ಪು ತಿನ್ನಲು ಯಾರೂ ಹೆದರಬೇಕಿಲ್ಲ. ಆದರೆ ಆರು ತಿಂಗಳೂ ತುಂಬದ ಕೂಸಿಗೆ ಈ ಸಮಾಧಾನ ಅನ್ವಯಿಸದು. ಬೇಯಿಸಿ ನೀರು ಚೆಲ್ಲಿದರೆ ನೈಟ್ರೇಟ್ ಕಡಿಮೆಯಾಗುತ್ತದೆ ಎಂಬ ಸಲಹೆ ಪುಸ್ತಕಗಳಲ್ಲಿದೆ. ಹಾಸನದ ಅಡುಗೆಮನೆಯಲ್ಲಿ ಅದು ನಡೆಯದು, ಏಕೆಂದರೆ ಸೊಪ್ಪು ಬೇಯಿಸಿ ಬಸಿದ ಕಟ್ಟೇ ನಮ್ಮ ಬಸ್ಸಾರು. ಇಲ್ಲಿ ನೈಟ್ರೇಟ್ ಕಡಿಮೆ ಮಾಡುವ ಜಾಗ ಅಡುಗೆಮನೆಯಲ್ಲ, ಮಡಿ.

ಮಣ್ಣು ಪರೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಜಾಗ ಕೊಟ್ಟು ಪ್ರಯೋಗ ಕ್ಷೇತ್ರ ಸ್ಥಾಪಿಸಿದಾಗ ಅದನ್ನು ನಡೆಸಲು ನೇಮಕವಾದ ಡಾ. ಲೆಹ್ಮನ್ ಕೃಷಿ ರಸಾಯನ ವಿಜ್ಞಾನಿ. ಮಣ್ಣಿಗೂ ಬೆಳೆಗೂ ಇರುವ ನಂಟೇ ಅವರ ಕೆಲಸವಾಗಿತ್ತು. ದೇಶದ ಮಟ್ಟದಲ್ಲಿ ಮಣ್ಣು ಪರೀಕ್ಷಾ ಪ್ರಯೋಗಾಲಯಗಳ ಜಾಲ ಶುರುವಾದದ್ದು 1955–56ರಲ್ಲಿ. 1967ರ ಹೊತ್ತಿಗೆ ಮಣ್ಣು ವಿಜ್ಞಾನಿ ರಾಮಮೂರ್ತಿ ಮತ್ತವರ ಸಂಗಡಿಗರು ಇಂತಿಷ್ಟು ಇಳುವರಿ ಬೇಕಾದರೆ ಇಂಥ ಮಣ್ಣಿಗೆ ಇಂತಿಷ್ಟು ಗೊಬ್ಬರ ಎನ್ನುವ ಗುರಿ ಇಳುವರಿಯ ಸಮೀಕರಣಗಳನ್ನು ರೂಪಿಸಿದರು. ಕರ್ನಾಟಕ ಸರ್ಕಾರ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆ 2009ರಲ್ಲಿ ಕೈಗೊಂಡ ಭೂಚೇತನ ಯೋಜನೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕ ಎಂದು ಕಣ್ತೆರೆಸಿತು. 2015ರ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 12 ಅಂಶಗಳ ಅಳತೆಯನ್ನು ರೈತರ ಕೈಗೆ ಕೊಟ್ಟಿತು: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಇದು ದೊಡ್ಡ ಕೆಲಸ. ಆದರೆ ಈ ಒಂದು ಶತಮಾನದ ದಾರಿಯುದ್ದಕ್ಕೂ ಮುಂದೆ ನಿಂತದ್ದು ಭತ್ತ, ರಾಗಿ, ಜೋಳ, ಕಬ್ಬು, ತೋಟದ ಬೆಳೆಗಳು. ಸೊಪ್ಪಿಗೆ ಸಾಲಿನ ಕೊನೆಯಲ್ಲೂ ಜಾಗ ಸಿಕ್ಕಿದ್ದು ಅಪರೂಪ.

ಹೀಗಿರುವಾಗ ಕಾರ್ಡ್ ಸಿಕ್ಕ ರೈತರೇ ಎತ್ತುವ ಮೊದಲ ಆಕ್ಷೇಪ, ಅದರಲ್ಲಿ ಬರೆದದ್ದು ತಮ್ಮ ಮಣ್ಣಿನದೇ ಅಲ್ಲ ಎನ್ನುವುದು. ಇದರಲ್ಲಿ ಸತ್ಯವಿದೆ. ಯೋಜನೆಯ ಮೂಲ ನಿಯಮದ ಪ್ರಕಾರ ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಸಮತಟ್ಟಾದ ಬಯಲಿನಲ್ಲಿ ಇದು ಅಷ್ಟೋ ಇಷ್ಟೋ ನಡೆಯುತ್ತದೆ. ಹೆಗ್ಗದ್ದೆಯಂಥ ಜಾಗದಲ್ಲಿ 10 ಹೆಕ್ಟೇರ್ ಎಂದರೆ ಗುಡ್ಡದ ನೆತ್ತಿ, ಇಳಿಜಾರಿನ ಕಾಫಿ, ತಪ್ಪಲಿನ ಮಕ್ಕಿ ಗದ್ದೆ, ತಗ್ಗಿನ ಬೈಲು ಗದ್ದೆ, ನಡುವೆ ನಾಲ್ಕು ಮನೆಯ ಹಿತ್ತಲು. ಇವುಗಳ ಸರಾಸರಿ ಯಾವುದರ ಗುಣವನ್ನೂ ಹೇಳಲಾರದು. ವಿಧಾನದಲ್ಲೂ ಎರಡು ಸೂಕ್ಷ್ಮಗಳಿವೆ. ಲಭ್ಯ ರಂಜಕ ಅಳೆಯಲು ಹುಳಿ ಮಣ್ಣಿಗೆ ಬ್ರೇ ವಿಧಾನ, ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಓಲ್ಸೆನ್ ವಿಧಾನ ಹೊಂದುತ್ತದೆ. ಯಾವುದನ್ನು ಬಳಸಿದರು ಎಂದು ತಿಳಿಯದೆ ಅಂಕಿಯನ್ನು ನಂಬುವಂತಿಲ್ಲ. ಎರಡನೆಯದು ಸಾವಯವ ಇಂಗಾಲದ್ದು. ಅದು ನೂರಕ್ಕೆ 0.75 ದಾಟಿದರೆ ‘ಅಧಿಕ’ ಎಂದು ಬರೆದು ಸಾರಜನಕದ ಶಿಫಾರಸನ್ನು ಇಳಿಸುವ ರೂಢಿಯಿದೆ. ಮರದ ನೆರಳಿನ, ತರಗೆಲೆ ಕೊಳೆಯುವ ಮಲೆನಾಡಿನ ಮಣ್ಣು ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಆದರೆ ತಂಪು ಮತ್ತು ಹುಳಿಯಿಂದಾಗಿ ಆ ಇಂಗಾಲದೊಳಗಿನ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೂವತ್ತು ದಿನದ ಸೊಪ್ಪು ಅಷ್ಟು ಕಾಯುವುದಿಲ್ಲ. ಮೇಲಾಗಿ ಕಾರ್ಡ್ ರಸಸಾರವನ್ನು ಹೇಳುತ್ತದೆ, ಸುಣ್ಣ ಎಷ್ಟು ಬೇಕೆಂಬುದನ್ನು ಅಳೆದು ಹೇಳುವುದಿಲ್ಲ. ರಸಸಾರ 5 ಇರುವ ಮರಳು ಮಣ್ಣಿಗೂ ರಸಸಾರ 5 ಇರುವ ಜೇಡಿ ಮಣ್ಣಿಗೂ ಬೇಕಾಗುವ ಸುಣ್ಣ ಒಂದೇ ಅಲ್ಲ; ಅದಕ್ಕೆ ಬಫರ್ ದ್ರಾವಣದ ಬೇರೆ ಪರೀಕ್ಷೆ ಬೇಕು. ಈ ದೋಷಗಳನ್ನೆಲ್ಲ ಒಪ್ಪಿಕೊಂಡ ಮೇಲೂ ಅವು ಸಾಬೀತು ಮಾಡುವುದು ಒಂದನ್ನೇ: ಸೊಪ್ಪಿನ ಮಡಿಗೆ ಅದರದೇ ಮಾದರಿ ಬೇಕು, ಮತ್ತು ಫಲಿತಾಂಶವನ್ನು ಸೊಪ್ಪಿನ ಕಣ್ಣಿನಿಂದ ಓದಬೇಕು. ಪರೀಕ್ಷೆಯೇ ಬೇಡವೆನ್ನಲು ಅವು ಆಧಾರವಾಗಲಾರವು.

ಮಡಿಯಿಂದ ಮಡಿಗೆ ವ್ಯತ್ಯಾಸ ಎಷ್ಟಿದೆ ಎಂಬುದಕ್ಕೆ ಈ ಸೀಮೆಯ ಮೂರು ಬಗೆಯ ನೆಲಗಳೇ ಸಾಕ್ಷಿ. ಮೊದಲನೆಯದು ಭತ್ತ ಕೊಯ್ದ ಗದ್ದೆ. ನೀರು ನಿಂತಾಗ ಆ ಮಣ್ಣಿನ ರಸಸಾರ ತಟಸ್ಥದ ಕಡೆಗೆ ಏರುತ್ತದೆ, ಕಬ್ಬಿಣದ ಹಿಡಿತ ಸಡಿಲಗೊಂಡು ರಂಜಕ ಕರಗುತ್ತದೆ. ಭತ್ತಕ್ಕೆ ಹುಳಿಯ ತೊಂದರೆ ಅಷ್ಟಾಗಿ ಕಾಣದಿರುವುದು ಇದರಿಂದ. ನೀರು ಆರಿ ಜನವರಿಯಲ್ಲಿ ಅದೇ ಗದ್ದೆಯಲ್ಲಿ ಕೊತ್ತಂಬರಿ ಬಿತ್ತುವ ಹೊತ್ತಿಗೆ ಹುಳಿ ಮರಳಿರುತ್ತದೆ, ರಂಜಕ ಮತ್ತೆ ಬಂಧಿಯಾಗಿರುತ್ತದೆ. ಭತ್ತ ಚೆನ್ನಾಗಿ ಬಂದಿತ್ತಲ್ಲ, ಸೊಪ್ಪು ಯಾಕೆ ಏಳುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಗದ್ದೆಯ ಮಾದರಿಯನ್ನು ನೀರು ಆರಿದ ಮೇಲೆಯೇ ತೆಗೆಯಬೇಕು. ಎರಡನೆಯದು ಶುಂಠಿ ಅಥವಾ ಆಲೂಗಡ್ಡೆ ಬೆಳೆದ ನೆಲ. ಆಲೂರು, ಹಾಸನದ ಕಡೆ ಈ ಬೆಳೆಗಳಿಗೆ ಕಾಂಪ್ಲೆಕ್ಸ್ ಮತ್ತು ಡಿಎಪಿಯನ್ನು ಧಾರಾಳವಾಗಿ ಸುರಿಯುತ್ತಾರೆ. ಅಲ್ಲಿ ರಂಜಕ ಮಿಕ್ಕಿರುವ ಸಂಭವ ಹೆಚ್ಚು. ಅದರ ಮೇಲೆ ಸೊಪ್ಪು ಹಾಕುವವರು ಮತ್ತೆ ರಂಜಕ ಕೊಡುವುದು ಹಣವನ್ನು ಹೂತಂತೆ, ಜೊತೆಗೆ ಸತುವಿನ ಕೊರತೆಯನ್ನು ಬರಮಾಡಿಕೊಂಡಂತೆ. ಮೂರನೆಯದು ತಲೆಮಾರುಗಳಿಂದ ಬೂದಿ, ಸಗಣಿ, ಅಡುಗೆಮನೆಯ ಕಸ ಉಂಡ ಹಳೆಯ ಹಿತ್ತಲು. ಅಲ್ಲಿ ಹುಳಿಯೂ ಇರಲಿಕ್ಕಿಲ್ಲ, ಪೊಟ್ಯಾಷೂ ತುಂಬಿರಬಹುದು. ಮೂರಕ್ಕೂ ಒಂದೇ 17:17:17 ಕಾಂಪ್ಲೆಕ್ಸ್ ಗೊಬ್ಬರ ಹಾಕುವುದು ಮೂರು ರೋಗಿಗಳಿಗೆ ಒಂದೇ ಗುಳಿಗೆ ಕೊಟ್ಟ ಹಾಗೆ.

ಎರಡನೆಯ ಆಕ್ಷೇಪ ಕಾಲದ್ದು. ಸೊಪ್ಪು ಇಪ್ಪತ್ತೈದು–ಮೂವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ, ಪ್ರಯೋಗಾಲಯದ ವರದಿ ಬರುವಷ್ಟರಲ್ಲಿ ಎರಡು ಬೆಳೆ ಮುಗಿದಿರುತ್ತದೆ, ಮತ್ತೇಕೆ ಈ ತಾಪತ್ರಯ ಎನ್ನುತ್ತಾರೆ. ಪರೀಕ್ಷೆ ಮಾಡುವುದು ಬೆಳೆಯನ್ನಲ್ಲ, ನೆಲವನ್ನು. ರಸಸಾರ, ರಂಜಕ, ಸತು, ಬೋರಾನ್‌ಗಳು ತಿಂಗಳಿಗೊಮ್ಮೆ ಬದಲಾಗುವ ಸಂಗತಿಗಳಲ್ಲ. ಒಮ್ಮೆ ಅಳೆದದ್ದು ಎರಡು ಮೂರು ವರ್ಷ ದಾರಿ ತೋರಿಸುತ್ತದೆ. ದಿನದಿನಕ್ಕೆ ಬದಲಾಗುವುದು ನೈಟ್ರೇಟ್. ಅದನ್ನು ಪರೀಕ್ಷೆಯ ಮೇಲಿನ ನಂಬಿಕೆಯಿಂದಲ್ಲ, ಕಂತು ಕಂತಾಗಿ ಕೊಡುವ ಎಚ್ಚರದಿಂದ ನಿಭಾಯಿಸಬೇಕು. ಮೂರನೆಯ ಆಕ್ಷೇಪ, ಎರಡು ಗುಂಟೆಗೆ ಇಷ್ಟೆಲ್ಲ ಯಾಕೆ ಎಂಬುದು. ನನ್ನ ಎಣಿಕೆಯಲ್ಲಿ ಸಣ್ಣ ಹಿಡುವಳಿಗೇ ಇದು ಹೆಚ್ಚು ಅಗತ್ಯ. ಹತ್ತು ಎಕರೆಗೆ ಗೊಬ್ಬರ ಹಾಕುವವರು ಚೀಲ ಲೆಕ್ಕ ಹಾಕುತ್ತಾರೆ, ಖರ್ಚೇ ಅವರ ಕೈ ಹಿಡಿಯುತ್ತದೆ. ಎರಡು ಗುಂಟೆಯವರು ಬೊಗಸೆಯಲ್ಲಿ ಅಳೆಯುತ್ತಾರೆ. ಹೆಕ್ಟೇರಿಗೆ 50 ಕಿಲೊ ಸಾರಜನಕ ಎಂದರೆ ಗುಂಟೆಗೆ ಅರ್ಧ ಕಿಲೊ, ಅಂದರೆ ಯೂರಿಯಾ 1.1 ಕಿಲೊ ಮಾತ್ರ. ಕೈ ಸ್ವಲ್ಪ ಸಡಿಲವಾದರೂ ಇಮ್ಮಡಿ ಬೀಳುತ್ತದೆ.

ಸಾವಯವ ಪದ್ಧತಿಯ ಪರವಾಗಿ ಏಳುವ ಆಕ್ಷೇಪವನ್ನು ನಾನು ಗೌರವದಿಂದ ನೋಡುತ್ತೇನೆ, ಏಕೆಂದರೆ ಅದು ಬಹುಪಾಲು ಸರಿ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕ, ಸುಮಾರು ಅಷ್ಟೇ ಪೊಟ್ಯಾಷ್, ಅದರ ಅರ್ಧಕ್ಕಿಂತ ಕಡಿಮೆ ರಂಜಕ ಇರುತ್ತದೆ. ಹೆಕ್ಟೇರಿಗೆ 25 ಟನ್ ಎಂದರೆ ಗುಂಟೆಗೆ 250 ಕಿಲೊ, ಅದರೊಳಗೆ 1.25 ಕಿಲೊ ಸಾರಜನಕವಿದೆ, ಮೊದಲ ಹಂಗಾಮಿನಲ್ಲಿ ಬಿಡುಗಡೆಯಾಗುವುದು ಅದರ ಮೂರರಲ್ಲೊಂದು ಪಾಲಿನಷ್ಟು. ಪೊಟ್ಯಾಷ್ ಮಾತ್ರ ಬೇಗ ಸಿಗುತ್ತದೆ. ಅಂದಮೇಲೆ ಕೊಟ್ಟಿಗೆ ತುಂಬಿದ ಮನೆಯವರು ಅಂಗಡಿಯ ಪೊಟ್ಯಾಷ್ ಕೊಳ್ಳಬೇಕಾದ ಸಂದರ್ಭ ಕಡಿಮೆ. ಹಿರಿಯರು ಒಲೆಯ ಬೂದಿಯನ್ನು ಸೊಪ್ಪಿನ ಮಡಿಗೆ ಎರಚುತ್ತಿದ್ದದ್ದು ಹುಳು ದೂರವಿಡಲು ಮಾತ್ರವಲ್ಲ. ಸೌದೆಯ ಬೂದಿಯಲ್ಲಿ ಪೊಟ್ಯಾಷೂ ಇದೆ, ಸುಣ್ಣದಂಶವೂ ಇದೆ. ಹುಳಿ ಮಣ್ಣಿಗೆ ಬೇಕಾದ ಎರಡು ಮದ್ದು ಒಂದೇ ಮೊರದಲ್ಲಿ! ಕರಾವಳಿ ಮತ್ತು ಮಲೆನಾಡಿನಲ್ಲಿ ಕಸಕಡ್ಡಿಯೊಂದಿಗೆ ಸುಟ್ಟು ಮಾಡುವ ಸುಡುಮಣ್ಣಿನ ಹಿಂದೆಯೂ ಇದೇ ಅನುಭವವಿದೆ. ಆದರೆ ಗ್ಯಾಸ್ ಒಲೆ ಬಂದು ಬೂದಿ ತೀರಿತು, ದನ ಕಡಿಮೆಯಾಗಿ ತಿಪ್ಪೆ ಬರಿದಾಯಿತು. ಆ ಜಾಗಕ್ಕೆ ಬಂದ ಕೋಳಿ ಗೊಬ್ಬರ ರಂಜಕ ಮತ್ತು ಸಾರಜನಕ ಎರಡರಲ್ಲೂ ಪ್ರಬಲ; ಅದನ್ನು ಲೆಕ್ಕವಿಲ್ಲದೆ ಹಾಕಿದರೆ ಎಲೆಯಲ್ಲಿ ನೈಟ್ರೇಟ್ ಕೂಡುವುದಕ್ಕೆ ಅದು ಸಾವಯವವೋ ಅಲ್ಲವೋ ಎಂಬುದು ಅಡ್ಡಿ ಬರುವುದಿಲ್ಲ. ಸಾವಯವದವರಿಗೂ ಮಣ್ಣಿನ ವರದಿ ಬೇಕು. ಯಾವುದನ್ನು ಎಷ್ಟು ಹಾಕಬೇಕೆಂಬ ಪ್ರಶ್ನೆ ಅವರಿಗೂ ಇದ್ದೇ ಇದೆ.

ಸಮತೋಲನ ತಪ್ಪಿದ್ದಕ್ಕೆ ರೈತರನ್ನು ದೂರುವುದು ಅನ್ಯಾಯ. 45 ಕಿಲೊ ಯೂರಿಯಾ ಚೀಲ 270 ರೂಪಾಯಿಗಿಂತ ಕಡಿಮೆಗೆ ಸಿಗುತ್ತದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರ ಹೊರಗಿಟ್ಟರು. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿತು, ಯೂರಿಯಾ ಇದ್ದಲ್ಲೇ ಉಳಿಯಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುವುದು ಸಹಜ. ಆದರೂ ಸೊಪ್ಪಿನ ವಿಷಯದಲ್ಲಿ ಬೆಲೆಯ ವಾದಕ್ಕೆ ಹೆಚ್ಚು ಬಲವಿಲ್ಲ. ಗುಂಟೆಗೆ ಬೇಕಾಗುವುದು ಹೆಚ್ಚೆಂದರೆ ಒಂದೂವರೆ ಎರಡು ಕಿಲೊ ಪೊಟ್ಯಾಷ್. ಎರಡು ಡಜನ್ ಕಟ್ಟು ಸೊಪ್ಪಿನ ಬೆಲೆಯನ್ನು ಅದು ದಾಟುವುದಿಲ್ಲ. ಕಷ್ಟವಿರುವುದು ಐವತ್ತು ಕಿಲೊ ಚೀಲವನ್ನೇ ಕೊಳ್ಳಬೇಕಾಗಿರುವುದರಲ್ಲಿ. ಸ್ತ್ರೀಶಕ್ತಿ ಸಂಘಗಳೋ ಪತ್ತಿನ ಸಹಕಾರ ಸಂಘಗಳೋ ಒಂದು ಚೀಲ ತಂದು ಹಂಚಿಕೊಂಡರೆ ಇದು ಬಗೆಹರಿಯುತ್ತದೆ.

ವರದಿ ಕೈಗೆ ಬಂದ ಮೇಲೆ ಅನುಸರಿಸಬೇಕಾದ ಕ್ರಮ ಹೀಗೆ. ರಸಸಾರ 5.5ಕ್ಕಿಂತ ಕಡಿಮೆಯಿದ್ದರೆ ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆ, ಮಣ್ಣಿನಲ್ಲಿ ತೇವವಿರುವಾಗ, ಕೃಷಿ ಸುಣ್ಣ ಅಥವಾ ಡೋಲೊಮೈಟ್ ಸೇರಿಸಬೇಕು. ಡೋಲೊಮೈಟಿನಲ್ಲಿ ಮಳೆಗೆ ತೊಳೆದುಹೋದ ಮೆಗ್ನೀಸಿಯಂ ಕೂಡ ಸಿಗುತ್ತದೆ. ಸುಣ್ಣವನ್ನು ಯೂರಿಯಾ ಅಥವಾ ಹಸಿ ಗೊಬ್ಬರದ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಅದಕ್ಕೇ ನಡುವೆ ಅಂತರ ಬೇಕು. ಬೇಕೆಂದದ್ದಕ್ಕಿಂತ ಹೆಚ್ಚು ಸುಣ್ಣವೂ ಕೇಡು, ಬೋರಾನ್ ಮತ್ತು ಸತು ಆಗ ಗಿಡಕ್ಕೆ ಎಟುಕವು. ಆಮೇಲೆ ಕಳಿತ ಕೊಟ್ಟಿಗೆ ಗೊಬ್ಬರ. ರಂಜಕ ಕಡಿಮೆಯಿದ್ದರೆ ಡಿಎಪಿಗಿಂತ ಸೂಪರ್ ಫಾಸ್ಫೇಟ್ ಈ ಮಣ್ಣಿಗೆ ಒಳ್ಳೆಯದು. ನೂರಕ್ಕೆ 16 ಪಾಲು ರಂಜಕದ ಜೊತೆ 11 ಪಾಲು ಗಂಧಕ ಮತ್ತು ಸಾಕಷ್ಟು ಕ್ಯಾಲ್ಸಿಯಂ ಅದರಲ್ಲಿದೆ. ಅದನ್ನು ಇಡೀ ಮಡಿಗೆ ಎರಚದೆ ಸಾಲಿನಲ್ಲಿ ಕೊಟ್ಟರೆ ಮಣ್ಣು ನುಂಗುವುದು ಕಡಿಮೆ. ಪೊಟ್ಯಾಷನ್ನು ತಳಗೊಬ್ಬರವಾಗಿ ಅರ್ಧ, ಕೊಯ್ಲಿನ ನಡುವೆ ಅರ್ಧ. ಲಘು ಪೋಷಕಾಂಶಗಳಲ್ಲಿ ವರದಿ ಕೊರತೆ ತೋರಿಸಿದ್ದನ್ನು ಮಾತ್ರ ಕೊಡಬೇಕು. ಕಬ್ಬಿಣ, ಮ್ಯಾಂಗನೀಸ್ ತುಂಬಿರುವ ಹುಳಿ ಮಣ್ಣಿಗೆ ಅವೇ ಇರುವ ಮಿಶ್ರಣ ಸುರಿಯುವುದು ವ್ಯರ್ಥ. ಬೋರಾನ್ ವಿಷಯದಲ್ಲಿ ಸಾಕು ಮತ್ತು ವಿಷದ ನಡುವಿನ ಅಂತರ ಬಹಳ ಕಿರಿದು. ಇಷ್ಟಾದ ಮೇಲೆ ಸಾರಜನಕ. ನಮ್ಮಂಥದೇ ಮಳೆ, ನಮ್ಮಂಥದೇ ಜಂಬಿಟ್ಟಿಗೆ ಮಣ್ಣಿರುವ ಕೇರಳದಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಹರಿವೆಗೆ ಹೆಕ್ಟೇರಿಗೆ 50 ಟನ್ ಕೊಟ್ಟಿಗೆ ಗೊಬ್ಬರ, ತಳಗೊಬ್ಬರವಾಗಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ 50 ಕಿಲೊ, ಆಮೇಲೆ ಕಂತುಗಳಲ್ಲಿ ಇನ್ನೂ 50 ಕಿಲೊ ಸಾರಜನಕ ಹೇಳುತ್ತದೆ. ಅದನ್ನು ಮೇಲ್ಮಿತಿಯೆಂದು ಹಿಡಿದು, ಬಿಸಿಲಿನ ತಿಂಗಳಲ್ಲಿ ಪ್ರತಿ ಕೊಯ್ಲಿನ ಮರುದಿನ ಒಂದು ಸಣ್ಣ ಕಂತು ಕೊಡಬಹುದು. ಜಡಿಮಳೆಯ ತಿಂಗಳಲ್ಲಿ ಅದನ್ನು ಅರ್ಧಕ್ಕಿಳಿಸಬೇಕು, ಕೊಯ್ಲಿನ ಮುಂಚಿನ ವಾರ ಪೂರಾ ನಿಲ್ಲಿಸಬೇಕು, ಸಾಧ್ಯವಾದರೆ ಬಿಸಿಲು ಕಂಡ ದಿನದ ಸಂಜೆ ಕೊಯ್ಯಬೇಕು.

ಕಾಫಿ ತೋಟಗಳು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಸ್ಥಾಪನೆಯಾದ 1925ರಿಂದ ಈಚೆಗೆ ಮಣ್ಣಿನ ಅಳತೆಯನ್ನು ನೋಡಿ ಸುಣ್ಣ ಹಾಕುವುದನ್ನು ಕಲಿತಿವೆ. ಆ ತಿಳಿವಳಿಕೆ ತೋಟದ ಬೇಲಿ ದಾಟಿ ಹಿತ್ತಲಿಗೆ ಬರಬೇಕು. ಇಲಾಖೆಗೆ ಹೇಳಬೇಕಾದದ್ದು ಮೂರೇ ಮಾತು: ಮಲೆನಾಡಿನ ಕಾರ್ಡಿನಲ್ಲಿ ಸುಣ್ಣದ ಅಗತ್ಯವನ್ನು ಅಳೆದು ಮುದ್ರಿಸಿ, ಸೊಪ್ಪಿನ ಶಿಫಾರಸನ್ನು ಗುಂಟೆಯ ಲೆಕ್ಕದಲ್ಲಿ ಕೊಡಿ, ಮತ್ತು ಪಹಣಿ ಯಾರ ಹೆಸರಿನಲ್ಲಿದ್ದರೂ ಮಡಿ ಮಾಡುವ ಹೆಂಗಸಿನ ಕೈಗೆ ಆ ಕಾಗದ ತಲುಪಿಸಿ. ಸೊಪ್ಪು ಬೆಳೆಯುವವರು ಅದಕ್ಕಾಗಿ ಕಾಯಬೇಕಿಲ್ಲ. ಹೂಮಳೆ ಕಳೆದು ಮುಂಗಾರು ಹಿಡಿಯುವುದರೊಳಗೆ, ಬೂದಿ ಗುಡ್ಡೆ, ತಿಪ್ಪೆ, ಬದು, ಮರದ ಬುಡ ಬಿಟ್ಟು, ಮಡಿಯ ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಅದರ ಗೋಡೆಯಿಂದ ಮಣ್ಣು ಕೆರೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಗೊಬ್ಬರ ಮುಟ್ಟದ ಬಟ್ಟೆ ಚೀಲದಲ್ಲಿ ಅರ್ಧ ಕಿಲೊ ಕಟ್ಟಿ. ಗದ್ದೆಯದು ಬೇರೆ, ಹಿತ್ತಲಿನದು ಬೇರೆ ಎಂದು ಚೀಟಿ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಅಲ್ಲಿ ಸುಣ್ಣ ಎಷ್ಟು ಬೇಕು ಎಂದು ಕೇಳಿ ಬರೆಸಿಕೊಳ್ಳಿ. ಆ ಉತ್ತರ ಬರುವವರೆಗೆ ಯೂರಿಯಾ ಚೀಲದ ಬಾಯಿ ಕಟ್ಟಿಡಿ.